ಕಂದು ಬಣ್ಣದ ಬೆನ್ನು ಹತ್ತಿದ ಮಯಾರ್

ಸೊರಬ, ಶಿಕಾರಿಪುರ ಕಡೆಯ ಗೆಳೆಯರಿಗೆ ಆಲೆಮನೆ ಹೊಸತೇನಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ನೋಡನೋಡುತ್ತಲೇ ಕೆಂಪಗಾಗಿ ಜೋನಿ ಬೆಲ್ಲ ಆಗುತ್ತೆ. ಆ ಬಣ್ಣಕ್ಕೆ ಸಕ್ಕರೆ ಕಾಯೋದು ಒಂದು ಕಾರಣ. ಕಬ್ಬಿನ ರಸದಲ್ಲೇ ಇರುವ ಅಮೈನೋ ಆಮ್ಲಗಳ ಜೊತೆ ಸಕ್ಕರೆ ಸೇರಿಕೊಳ್ಳೋದು ಇನ್ನೊಂದು. ಈ ಎರಡನೆಯದನ್ನು ವಿವರಿಸಿದವರು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್.

ಅವರು ಹುಟ್ಟಿದ್ದು 1878ರಲ್ಲಿ, ಪೋಂಟ್-ಆ-ಮೂಸೋಂ ಎಂಬ ಊರಲ್ಲಿ. ನ್ಯಾನ್ಸಿಯಲ್ಲಿ ಓದಿ 1903ರಲ್ಲಿ ವೈದ್ಯಕೀಯ ಪದವಿ ಪಡೆದರು. ಮನಸ್ಸೆಲ್ಲ ಮಾತ್ರ ರಸಾಯನಶಾಸ್ತ್ರದಲ್ಲಿ. ಮುಂದೆ ಪ್ಯಾರಿಸ್‌ನಲ್ಲಿ, ಜೀವಿಗಳಲ್ಲಿ ಪ್ರೋಟೀನ್ ಹೇಗೆ ಕಟ್ಟಿಕೊಳ್ಳುತ್ತೆ ಅಂತ ಹುಡುಕಹೊರಟರು. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸಲು ಗ್ಲಿಸರಿನ್ ಬಳಸುತ್ತಿದ್ದವರು, ಅದರ ಬದಲು ಸಕ್ಕರೆ ಹಾಕಿ ನೋಡಿದರು. ದ್ರಾವಣ ಕಂದಾಯಿತು, ಇಂಗಾಲದ ಡೈಆಕ್ಸೈಡ್ ಹೊರಬಂತು. ಅಂದುಕೊಂಡದ್ದು ಆಗಲಿಲ್ಲ ಅಂತ ಚೆಲ್ಲದೆ, ಆ ಕಂದು ಬಣ್ಣದ ಬೆನ್ನು ಹತ್ತಿದರು. 1912ರಲ್ಲಿ ವರದಿ ಪ್ರಕಟಿಸಿ, ಮಣ್ಣಿನ ಹ್ಯೂಮಸ್‌ನಿಂದ ಹಿಡಿದು ಮಧುಮೇಹದವರೆಗೆ ಈ ಕ್ರಿಯೆಯ ಪಾತ್ರ ಇರಬಹುದು ಅಂತ ಸೂಚಿಸಿದರು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. 1919ರಲ್ಲಿ ಅಲ್ಜಿಯರ್ಸ್‌ಗೆ ಹೋಗಿ ಪ್ರಾಧ್ಯಾಪಕರಾದರು. 1936ರಲ್ಲಿ ಪ್ಯಾರಿಸ್‌ನಲ್ಲಿ ಹಠಾತ್ತನೆ ತೀರಿಕೊಂಡಾಗ ವಯಸ್ಸು 58. ಮಧುಮೇಹದ ಬಗ್ಗೆ ಅವರು ಮಾಡಿದ ಊಹೆ ಊಹೆಯಾಗಿಯೇ ಉಳಿದಿತ್ತು.

1968ರಲ್ಲಿ ಟೆಹ್ರಾನ್‌ನ ಸ್ಯಾಮ್ಯುಯೆಲ್ ರಹಬರ್ ಮಧುಮೇಹಿಗಳ ರಕ್ತದಲ್ಲಿ ಬೇರೆ ತರಹದ ಹಿಮೋಗ್ಲೋಬಿನ್ ಕಂಡರು. ಅದು ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಅಂತ ಆಮೇಲೆ ಖಚಿತವಾಯಿತು. ಮಯಾರ್ ಹೇಳಿದ ಕ್ರಿಯೆಗೆ ಒಲೆಯೇ ಬೇಕಿಲ್ಲ, ಮೈಯ 37 ಡಿಗ್ರಿ ಸಾಕು, ನಿಧಾನ ಅಷ್ಟೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ. ಹಾಗಾಗಿ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಲೆಕ್ಕ ಒಪ್ಪಿಸುತ್ತೆ.

ರಕ್ತಕಣವೇನೋ ಹೊಸದು ಬರುತ್ತೆ. ರಕ್ತನಾಳದ ಕೊಲಾಜೆನ್, ಕಣ್ಣಿನ ಮಸೂರದ ಪ್ರೋಟೀನ್ ವರ್ಷಗಟ್ಟಲೆ ಬದಲಾಗಲ್ಲ. ಅಲ್ಲಿ ಅಂಟಿದ ಸಕ್ಕರೆ ಕ್ರಮೇಣ ಪ್ರೋಟೀನ್ ಎಳೆಗಳ ನಡುವೆ ಕೊಂಡಿ ಹಾಕುತ್ತೆ. ನಾಳ ಬಿರುಸಾಗೋದು, ಮಸೂರಕ್ಕೆ ಪೊರೆ ಬರೋದು, ಮೂತ್ರಪಿಂಡ ಸೋಲೋದು, ಇವೆಲ್ಲದರಲ್ಲೂ ಇದರ ಪಾಲಿದೆ. ವಯಸ್ಸಾದಂತೆ ಎಲ್ಲರ ಮೈಯಲ್ಲೂ ಇದು ನಡೆಯುತ್ತೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಬೇಗ ಬೇಗ.

ಈ ಸಲ ಊರಿಗೆ ಹೋದಾಗ ಅಪ್ಪ, ಅಮ್ಮನ ಲ್ಯಾಬ್ ರಿಪೋರ್ಟ್‌ನಲ್ಲಿ ಎಚ್‌ಬಿಎ1ಸಿ ಸಾಲು ಹುಡುಕಿ. ಶೇ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮಧುಮೇಹದ ಸೂಚನೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಮ್ಮೆ ಬಿದ್ದ ಆ ಕೊಂಡಿಗಳನ್ನು ಬಿಡಿಸುವ ಔಷಧಿ ಇನ್ನೂ ಬಳಕೆಗೆ ಬಂದಿಲ್ಲ.