ದನಗಾರರ ಮಾತು ಕೇಳಿದ ಡಾಕ್ಟರು

ಮಕ್ಕಳು ಡಾಕ್ಟರಾಗುತ್ತೇನೆಂದರೆ ಹಿಗ್ಗುವ ನಾವು, ದನದ ಡಾಕ್ಟರಾಗುತ್ತೇನೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತೇವೆ. ಥಿಯೋಬಾಲ್ಡ್ ಸ್ಮಿತ್ ಅವರ ಬದುಕನ್ನು ಅರಿತರೆ ಈ ತಾತ್ಸಾರ ಉಳಿಯದು.

ಸ್ಮಿತ್ ಹುಟ್ಟಿದ್ದು 1859ರಲ್ಲಿ, ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ. ತಂದೆತಾಯಿ ಜರ್ಮನಿಯಿಂದ ವಲಸೆ ಬಂದವರು. 1883ರಲ್ಲಿ ಎಂ.ಡಿ. ಪದವಿ ಪಡೆದ ಅವರು, ಮರುವರ್ಷ ವಾಷಿಂಗ್ಟನ್ನಿನಲ್ಲಿ ಆರಂಭವಾದ ಸರ್ಕಾರಿ ಪಶು ಇಲಾಖೆಯನ್ನು ಸೇರಿದರು. ಅಲ್ಲಿನ ಮುಖ್ಯಸ್ಥರು ಪಶುವೈದ್ಯ ಡೇನಿಯಲ್ ಸಾಲ್ಮನ್. ಹಂದಿಗಳಲ್ಲಿ ಸ್ಮಿತ್ ಕಂಡುಹಿಡಿದ ಬ್ಯಾಕ್ಟೀರಿಯದ ಕುಲಕ್ಕೆ ಮುಂದೆ ಸಾಲ್ಮನ್ನರ ಹೆಸರೇ ಬಂದು ಸಾಲ್ಮೊನೆಲ್ಲ ಎಂದಾಯಿತು.

ಆ ಕಾಲದಲ್ಲಿ ಟೆಕ್ಸಾಸ್ ಜ್ವರ ದೊಡ್ಡ ಪಿಡುಗಾಗಿತ್ತು. ದಕ್ಷಿಣದಿಂದ ಬಂದ ದನಗಳು ಆರೋಗ್ಯವಾಗಿಯೇ ಇರುತ್ತಿದ್ದವು. ಅವು ಮೇದ ಹುಲ್ಲುಗಾವಲಿಗೆ ಹೋದ ಉತ್ತರದ ದನಗಳು ಜ್ವರ ಹಿಡಿದು, ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ಇದು ಉಣುಗಿನ ಕೆಲಸವೆಂದು ದನಗಾರರು ಹೇಳುತ್ತಿದ್ದರು. ವಿದ್ವಾಂಸರು ಅದನ್ನು ಹಳ್ಳಿಗರ ಮೂಢನಂಬಿಕೆ ಎಂದು ತಳ್ಳಿಹಾಕಿದ್ದರು. ಸ್ಮಿತ್ ತಳ್ಳಿಹಾಕಲಿಲ್ಲ.

1889ರಿಂದ 1892ರವರೆಗೆ, ಪಶುವೈದ್ಯ ಕಿಲ್ಬೋರ್ನ್ ಜೊತೆಗೂಡಿ ಅವರು ಬಯಲಿನಲ್ಲಿ ಬೇಲಿ ಹಾಕಿ ಪರೀಕ್ಷೆ ನಡೆಸಿದರು. ಒಂದು ಕಡೆ ಉಣುಗಿರುವ ದಕ್ಷಿಣದ ದನಗಳನ್ನು ಉತ್ತರದವುಗಳೊಡನೆ ಬಿಟ್ಟರು. ಉತ್ತರದವಕ್ಕೆ ರೋಗ ಬಂತು. ಇನ್ನೊಂದು ಕಡೆ ಉಣುಗುಗಳನ್ನು ಕೈಯಿಂದ ಒಂದೊಂದಾಗಿ ಕಿತ್ತು ಬಿಟ್ಟರು, ರೋಗ ಬರಲಿಲ್ಲ. ಮತ್ತೊಂದು ಕಡೆ ಬರೀ ಉಣುಗುಗಳನ್ನು ಹುಲ್ಲಿಗೆ ಎರಚಿದರು, ರೋಗ ಬಂತು! ಕೆಂಪು ರಕ್ತಕಣಗಳೊಳಗೆ ಸೇರಿ ಅವನ್ನು ಒಡೆಯುವ ಪರಾವಲಂಬಿ ಜೀವಿಯನ್ನೂ ಸ್ಮಿತ್ ಗುರುತಿಸಿದರು. ತಾಯಿ ಉಣುಗಿನ ಮೊಟ್ಟೆಯಿಂದ ಹೊರಬಂದ ಮರಿಗಳೇ ರೋಗವನ್ನು ಹೊಸ ದನಗಳಿಗೆ ದಾಟಿಸುತ್ತಿದ್ದವು. 1893ರಲ್ಲಿ ಈ ವರದಿ ಪ್ರಕಟವಾಯಿತು. ಸೊಳ್ಳೆಯಲ್ಲಿ ಮಲೇರಿಯದ ಜಾಡನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು ಅದಾದ ನಾಲ್ಕು ವರ್ಷಕ್ಕೆ.

ಮುಂದೆ ಹಾರ್ವರ್ಡ್ ಸೇರಿದ ಸ್ಮಿತ್, ದನದ ಕ್ಷಯದ ಬ್ಯಾಕ್ಟೀರಿಯ ಮನುಷ್ಯರ ಕ್ಷಯದ್ದಕ್ಕಿಂತ ಬೇರೆ ಎಂದು 1898ರಲ್ಲಿ ತೋರಿಸಿದರು. 1915ರಲ್ಲಿ ಪ್ರಿನ್ಸ್‌ಟನ್ನಿನ ರಾಕ್‌ಫೆಲರ್ ಸಂಸ್ಥೆಯ ಪ್ರಾಣಿರೋಗ ವಿಭಾಗದ ಹೊಣೆ ಹೊತ್ತರು. 1934ರ ಡಿಸೆಂಬರಿನಲ್ಲಿ ತೀರಿಕೊಂಡರು.

1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನ ಜ್ವರದಿಂದ ನರಳಿದಾಗ, ಮಂಗನ ಕಾಯಿಲೆಯನ್ನು ಹರಡುತ್ತಿದ್ದುದೂ ಉಣುಗೇ ಎಂದು ತಿಳಿದುಬಂತು. ಅಲ್ಲಿ ರೋಗಾಣು ವೈರಸ್, ಆದರೆ ದಾರಿ ಸ್ಮಿತ್ ತೋರಿಸಿದ್ದೇ. ಮನುಷ್ಯನ ಆರೋಗ್ಯ ಕೊಟ್ಟಿಗೆಯಲ್ಲೂ ಕಾಡಿನಲ್ಲೂ ಇದೆ. ನಿಮ್ಮ ಮಗಳೋ ಮಗನೋ ಪಶುವೈದ್ಯಕೀಯ ಓದುತ್ತೇನೆಂದರೆ ದಯವಿಟ್ಟು ಬೇಡವೆನ್ನಬೇಡಿ.