ಗುಬ್ಬಿ ತೋಟದಪ್ಪ: ಮಕ್ಕಳಿಲ್ಲದ ವ್ಯಾಪಾರಿ ಆಸ್ತಿ ಬರೆದಿದ್ದು ಓದೋ ಹುಡುಗರಿಗೆ

ಕಡೂರು: ಕಡೂರು, ತರೀಕೆರೆ, ಅಜ್ಜಂಪುರದಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗೋ ವ್ಯಾಪಾರಸ್ಥರಿಗೆ ಗುಬ್ಬಿ ತೋಟದಪ್ಪ ಛತ್ರ ಅಂದ್ರೆ ವಿಳಾಸ ಹೇಳಬೇಕಾಗಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಎದುರಿಗೇ ಇದೆ. ರಸ್ತೆಗೂ ಅವರದೇ ಹೆಸರು. ಆದರೆ ಆ ಮನುಷ್ಯ ಯಾರು, ಏನು ಮಾಡಿದರು ಅನ್ನೋದು ಗೊತ್ತಿರೋರು ಕಡಿಮೆ.

ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ. ಊರು ಗುಬ್ಬಿ, ಇದೇ ರೈಲು ದಾರಿಯಲ್ಲಿ ತಿಪಟೂರು ದಾಟಿದ ಮೇಲೆ ಸಿಗುತ್ತಲ್ಲ, ಅದೇ. ಕುಟುಂಬ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ನೆಲೆ ನಿಂತಿತು. ತೋಟದಪ್ಪನವರು ವ್ಯಾಪಾರ ಮಾಡಿ ಚೆನ್ನಾಗಿ ಸಂಪಾದಿಸಿದರು. ಆದರೆ ಮಕ್ಕಳಾಗಲಿಲ್ಲ. ಇಷ್ಟು ಆಸ್ತಿ ಮುಂದೆ ಯಾರಿಗೆ ಅನ್ನೋ ಪ್ರಶ್ನೆ ಇತ್ತು.

ಅದಕ್ಕೆ ಅವರು ಬದುಕಿದ್ದಾಗಲೇ ಉತ್ತರ ಕೊಟ್ಟರು. 1897ರಲ್ಲಿ ರೈಲ್ವೆಯವರಿಂದ 10,000 ರೂಪಾಯಿಗೆ ಎರಡೂವರೆ ಎಕರೆ ಜಾಗ ಕೊಂಡರು. ಅಲ್ಲಿ ಎದ್ದ ಧರ್ಮಛತ್ರವನ್ನು 1903ರ ಫೆಬ್ರವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಉದ್ಘಾಟಿಸಿದರು. ಮಹಾರಾಜರು ಪೂರ್ಣ ಅಧಿಕಾರ ವಹಿಸಿಕೊಂಡು ಇನ್ನೂ ಒಂದು ವರ್ಷ ಆಗಿರಲಿಲ್ಲ. ಛತ್ರದಲ್ಲಿ ಯಾವ ಧರ್ಮದ ಪ್ರಯಾಣಿಕರಾದರೂ ತಂಗಬಹುದಿತ್ತು. ಜೊತೆಗೆ ಲಿಂಗಾಯತ ವಿದ್ಯಾರ್ಥಿಗಳಿಗೆ ಉಚಿತ ಹಾಸ್ಟೆಲ್ ಶುರುವಾಯಿತು.

ಆ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಮೈಸೂರು ವಿಶ್ವವಿದ್ಯಾಲಯ ಬಂದಿದ್ದೇ 1916ರಲ್ಲಿ. ಅದಕ್ಕೂ ಮೊದಲು ಕಡೂರು ಸೀಮೆಯ ಹುಡುಗ ಬಿ.ಎ. ಓದಬೇಕು ಅಂದ್ರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇಲ್ಲಾಂದ್ರೆ ಮೈಸೂರಿನ ಮಹಾರಾಜ ಕಾಲೇಜು. ಸೀಟು ಸಿಕ್ಕರೂ ಇರೋದೆಲ್ಲಿ, ಊಟ ಎಲ್ಲಿ? ನೆಂಟರಿಲ್ಲದ ಊರಲ್ಲಿ ಓದು ನಿಲ್ಲುತ್ತಿದ್ದುದು ಪುಸ್ತಕ ಇಲ್ಲ ಅಂತಲ್ಲ, ತಲೆ ಮೇಲೆ ಸೂರಿಲ್ಲ ಅಂತ. ಇವತ್ತಿಗೂ ಹಾಸ್ಟೆಲ್ ಸಿಗದೆ ಊರಿಗೆ ವಾಪಸ್ ಬರೋ ಮಕ್ಕಳಿದ್ದಾರೆ.

ತೋಟದಪ್ಪನವರು ಕೊನೆಗಾಲದಲ್ಲಿ ತಮ್ಮ ಆಸ್ತಿಯನ್ನು ಟ್ರಸ್ಟಿಗೆ ಬರೆದುಕೊಟ್ಟರು. ಬರೆದುಕೊಟ್ಟು ಸುಮ್ಮನಾಗಲಿಲ್ಲ. ತಾವು ಹೋದ ಮೇಲೆ ನೋಡಿಕೊಳ್ಳೋರು ಯಾರು ಅನ್ನೋದನ್ನೂ ತಾವೇ ತೀರ್ಮಾನ ಮಾಡಿದರು. ಕೆ.ಪಿ. ಪುಟ್ಟಣ್ಣಚೆಟ್ಟಿ ಅವರನ್ನು ಮೊದಲ ಅಧ್ಯಕ್ಷರನ್ನಾಗಿ ನೇಮಿಸಿದರು. ಬೆಂಗಳೂರು ಟೌನ್ ಹಾಲ್‌ಗೆ ಇರೋ ಹೆಸರು ಇದೇ ಪುಟ್ಟಣ್ಣಚೆಟ್ಟಿಯವರದು. ವ್ಯಾಪಾರಿಯ ಲೆಕ್ಕಾಚಾರ ಇಲ್ಲಿ ಕಾಣುತ್ತೆ: ಗಂಟು ಕಟ್ಟಿಟ್ಟರೆ ಸಾಲದು, ಅದರ ಕೀಲಿಕೈ ಯೋಗ್ಯರ ಕೈಯಲ್ಲಿರಬೇಕು.

ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಬಿರುದು ಕೊಟ್ಟಿತು. ಮಹಾರಾಜರು ಧರ್ಮಪ್ರವರ್ತ ಎಂದು ಗೌರವಿಸಿದರು. ಎರಡೂ ಬಿರುದು ಇವತ್ತಿಗೂ ಟ್ರಸ್ಟಿನ ಹೆಸರಿನಲ್ಲಿ ಸೇರಿಕೊಂಡಿವೆ. 1910ರ ಫೆಬ್ರವರಿ 21ರಂದು ತೋಟದಪ್ಪನವರು ತೀರಿಕೊಂಡರು.

ಶಾಲೆಗೆ ಒಂದು ಫ್ಯಾನ್ ಕೊಟ್ಟರೂ ಅದರ ರೆಕ್ಕೆ ಮೇಲೆ ದಾನಿಗಳ ಹೆಸರು ಬರೆಸೋದು ಎಲ್ಲ ಊರಲ್ಲೂ ಇದೆ. ತಪ್ಪೇನಿಲ್ಲ, ಕೊಟ್ಟವರನ್ನು ನೆನೆಯಬೇಕು. ಆದರೆ ಫ್ಯಾನ್ ಕೆಟ್ಟರೆ ಹೆಸರೂ ಗುಜರಿಗೆ ಹೋಗುತ್ತೆ. ತೋಟದಪ್ಪನವರು ಕೊಟ್ಟಿದ್ದು ಜಾಗ, ಕಟ್ಟಡ, ಅದನ್ನು ನಡೆಸೋಕೆ ಒಂದು ವ್ಯವಸ್ಥೆ. ಮನೆಯಲ್ಲಿ ಹೆಸರು ಹೇಳೋಕೆ ಮಕ್ಕಳಿರಲಿಲ್ಲ. ನೂರು ವರ್ಷದ ಮೇಲೂ ರೈಲು ಇಳಿದವರು ಆಟೋದವರಿಗೆ ಮೊದಲು ಹೇಳೋದು ಅವರ ಹೆಸರನ್ನೇ.