ಕಸುಬು ಕಳೆದುಕೊಂಡವರಿಗೆ ಆಸರೆ: ತೊರಪಳ್ಳಿ ರಾಜಾಜಿ ಬದುಕಿನ ಒಂದು ಮುಖ

ರಾಯಕೋಟೆ: ಸರ್ಕಾರದ ಒಂದು ಆದೇಶದಿಂದಲೋ ಮಾರುಕಟ್ಟೆಯ ಏರುಪೇರಿನಿಂದಲೋ ಕೆಲಸ ಹೋದರೆ ಆ ಕುಟುಂಬದ ಹೊಟ್ಟೆಪಾಡು ಯಾರ ಹೊಣೆ? ನೆರವು ಬಂದರೆ ಅದು ಯಾರಿಗೆ ಸಲ್ಲಬೇಕು? ರಾಜಾಜಿ ಅವರ ಸಾರ್ವಜನಿಕ ಬದುಕಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು.

ಚಕ್ರವರ್ತಿ ರಾಜಗೋಪಾಲಾಚಾರಿ ಅವರು ಹೊಸೂರು ಸಮೀಪದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಜನಿಸಿದರು. ತಂದೆ ಊರಿನ ಮುನಸೀಫರು, ತಾಯಿ ಸಿಂಗಾರಮ್ಮ. ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಮದರಾಸಿನಲ್ಲಿ ಕಾನೂನು ಓದು. 1900ರ ಹೊತ್ತಿಗೆ ಸೇಲಂನಲ್ಲಿ ವಕೀಲಿ ಆರಂಭಿಸಿ ಹೆಸರು ಮಾಡಿದರು. 1917ರಲ್ಲಿ ಸೇಲಂ ಪುರಸಭೆ ಅಧ್ಯಕ್ಷರಾದರು. ಆಗ ರಾಯಕೋಟೆ, ಹೊಸೂರು, ಕೃಷ್ಣಗಿರಿ ಎಲ್ಲವೂ ಸೇಲಂ ಜಿಲ್ಲೆಗೇ ಸೇರಿದ್ದವು. ಧರ್ಮಪುರಿ ಜಿಲ್ಲೆಯಾಗಿದ್ದು 1965ರಲ್ಲಿ, ಕೃಷ್ಣಗಿರಿ 2004ರಲ್ಲಿ.

ಗಾಂಧೀಜಿ ಕರೆಗೆ ಓಗೊಟ್ಟು ರಾಜಾಜಿ ವಕೀಲಿ ಬಿಟ್ಟರು. 1925ರಲ್ಲಿ ತಿರುಚೆಂಗೋಡು ಬಳಿಯ ಪುದುಪಾಳಯಂನಲ್ಲಿ ಆಶ್ರಮ ಕಟ್ಟಿದರು. ಮಳೆ ಕೈಕೊಟ್ಟು ಹೊಲದ ಕೆಲಸ ನಿಂತಾಗ ಸುತ್ತಲಿನ ಹಳ್ಳಿಯವರಿಗೆ ಚರಕ ಆಸರೆಯಾಯಿತು. ಅಲ್ಲಿ ಅರ್ಹತೆಯ ಲೆಕ್ಕ ಸರಳವಾಗಿತ್ತು: ನೂಲು ತಂದವರಿಗೆ ಕೂಲಿ.

ಅಧಿಕಾರಕ್ಕೆ ಬಂದ ಮೇಲೆ ಲೆಕ್ಕ ಅಷ್ಟು ಸರಳವಾಗಿ ಉಳಿಯಲಿಲ್ಲ. 1937ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ, ಅದೇ ಅಕ್ಟೋಬರ್ 1ರಿಂದ ಪಾನನಿಷೇಧ ಜಾರಿಗೆ ತಂದರು. ಮೊದಲಿಗೆ ಆರಿಸಿಕೊಂಡಿದ್ದು ತಮ್ಮದೇ ಸೇಲಂ ಜಿಲ್ಲೆಯನ್ನು. ಕುಡಿತದಿಂದ ಹಾಳಾಗಿದ್ದ ಮನೆಗಳಲ್ಲಿ ಒಲೆ ಉರಿಯಿತು. ಆದರೆ ಕಳ್ಳು ಇಳಿಸಿ ಬದುಕುತ್ತಿದ್ದವರ ಕಸುಬು ಒಂದೇ ದಿನಕ್ಕೆ ನಿಂತಿತು. ಮಡಕೆಗೆ ಸುಣ್ಣ ಬಳಿದು ಸಿಹಿ ರಸ ಇಳಿಸಿ ಬೆಲ್ಲ ಕಾಯಿಸಲು ಸರ್ಕಾರ ಅವಕಾಶ ಕೊಟ್ಟಿತು. ಮರ ಹತ್ತುವವರಿಗೆ ಇದು ದಾರಿ. ಬೆಲ್ಲಕ್ಕೆ ಸೌದೆ, ಬಾಣಲೆ, ಕೊಳ್ಳುವವರು ಎಲ್ಲ ಬೇಕು. ಅಂಗಡಿಯಲ್ಲಿ ದುಡಿಯುತ್ತಿದ್ದವರಿಗೆ, ಕಳ್ಳು ಹೊರುತ್ತಿದ್ದವರಿಗೆ ಮರದ ಪರವಾನಗಿಯಿಂದ ಏನೂ ಸಿಗುವಂತಿರಲಿಲ್ಲ. ಖಜಾನೆಗೆ ಆದ ನಷ್ಟ ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಂತ್ರಿಮಂಡಲ ರಾಜೀನಾಮೆ ನೀಡಿತು.

ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿ 1948ರಿಂದ 1950ರವರೆಗೆ ಸೇವೆ ಸಲ್ಲಿಸಿದ ರಾಜಾಜಿ, 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾದರು. ಆಗ ಮಿಲ್ ಬಟ್ಟೆಯ ಪೈಪೋಟಿಯಲ್ಲಿ ಕೈಮಗ್ಗದ ಬಟ್ಟೆ ಮಾರಾಟವಾಗದೆ ಕೊಳೆಯುತ್ತಿತ್ತು. ಸೇಲಂ ಸೀಮೆಯಲ್ಲಿ ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರೂ ಇದ್ದಾರೆ. ಪಂಚೆ, ಸೀರೆ ನೇಯುವ ಕೆಲಸ ಕೈಮಗ್ಗಕ್ಕೇ ಮೀಸಲಾಗಲಿ ಎಂದು ರಾಜಾಜಿ ಕೇಂದ್ರದ ಮುಂದೆ ಪಟ್ಟು ಹಿಡಿದರು. ಕೇಳಿದ್ದೆಲ್ಲ ಸಿಗಲಿಲ್ಲ. ಮಿಲ್‌ಗಳು ನೇಯುವ ಪಂಚೆಗೆ ಮಿತಿ ಬಿತ್ತು. 1953ರಲ್ಲಿ ಮಿಲ್ ಬಟ್ಟೆಯ ಮೇಲೆ ಗಜಕ್ಕೆ 3 ಪೈ ಸುಂಕ ಹಾಕಿ ಆ ಹಣವನ್ನು ಕೈಮಗ್ಗ, ಖಾದಿಗೆ ಕೊಡುವ ಕಾನೂನಾಯಿತು. ಆದರೆ ನೆರವು ಹೆಚ್ಚಾಗಿ ಹರಿದದ್ದು ಸಹಕಾರ ಸಂಘಗಳ ಮೂಲಕ. ಸಂಘದ ಸದಸ್ಯರಾದವರಿಗೆ ದಕ್ಕಿತು. ಸಾಹುಕಾರರ ಮಗ್ಗದಲ್ಲಿ ಕೂಲಿಗೆ ನೇಯುವವರು ಹೊರಗೇ ಉಳಿದರು.

ಅದೇ 1953ರಲ್ಲಿ ಕೇಂದ್ರವು ಕೈಗಾರಿಕಾ ವಿವಾದ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸವಿಲ್ಲದೆ ಕೂರಿಸಿದ ಕಾರ್ಮಿಕರಿಗೆ ಅರ್ಧ ಸಂಬಳದ ಪರಿಹಾರ ಗೊತ್ತುಮಾಡಿತು. ಅಲ್ಲೂ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು, ಒಂದು ವರ್ಷ ದುಡಿದಿರಬೇಕು. ಬದಲಿ ಕಾರ್ಮಿಕರಿಗೆ, ದಿನಗೂಲಿಯವರಿಗೆ ಇಲ್ಲ.

ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಶಿಕ್ಷಣ ಯೋಜನೆಯನ್ನು ರಾಜಾಜಿ 1953ರಲ್ಲಿ ತಂದಾಗ ಭಾರಿ ವಿರೋಧ ಎದ್ದಿತು. ಮಕ್ಕಳನ್ನು ಜಾತಿಯ ಕಸುಬಿಗೇ ಕಟ್ಟಿಹಾಕುವ ಯೋಜನೆ ಇದೆಂದು ವಿರೋಧಿಗಳು ದೂರಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅದೇ ವರ್ಷ ಭಾರತ ರತ್ನ ಸಂದಿತು. 1972ರ ಡಿಸೆಂಬರ್ 25ರಂದು ನಿಧನರಾದರು. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆ ಸ್ಮಾರಕವಾಗಿದೆ.

ಕಳ್ಳಿನ ಮರ, ಕೈಮಗ್ಗ, ಕಾರ್ಖಾನೆ ಈ ಮೂರರಲ್ಲೂ ಕಾಣುವುದು ಒಂದೇ. ಕೆಲಸ ಹೋದವರೆಲ್ಲ ನೆರವಿನ ಪಟ್ಟಿಗೆ ಬರಲಿಲ್ಲ. ಸದಸ್ಯತ್ವ, ಪರವಾನಗಿ, ಹಾಜರಿ ಪುಸ್ತಕ, ಇವುಗಳಲ್ಲಿ ಒಂದಾದರೂ ಇದ್ದವರಿಗೆ ಮಾತ್ರ ಬಾಗಿಲು ತೆರೆಯಿತು. ಕೆಲಸ ಇರುವಾಗಲೇ ದಾಖಲೆ ಸರಿಯಿಟ್ಟುಕೊಳ್ಳುವುದು ದುಡಿಯುವವರಿಗೆ ಒಳ್ಳೆಯದು. ದಾಖಲೆ ಇಲ್ಲದವರನ್ನೂ ನೆನೆಯುವುದು ಆಳುವವರ ಹೊಣೆ.